ಬೆರಳು ಕತ್ತರಿಸುವ ಮುನ್ನ ನಾಡಿ ಮುಟ್ಟಿ

ಹೃದಯದ ರಕ್ತನಾಳ ಕಟ್ಟಿಕೊಂಡರೆ ಮನೆಮಂದಿಯೆಲ್ಲ ಆಸ್ಪತ್ರೆಗೆ ಓಡುತ್ತಾರೆ. ಕಾಲಿನ ರಕ್ತನಾಳ ಕಟ್ಟಿಕೊಂಡರೆ ಎಣ್ಣೆ ತಿಕ್ಕಿ, ಬಿಸಿನೀರು ಹಾಕಿ ತಿಂಗಳುಗಟ್ಟಲೆ ಕಾಯುತ್ತಾರೆ. ಎರಡೂ ಬಹುಪಾಲು ಒಂದೇ ರೋಗ: ನಾಳದ ಒಳಗೋಡೆಯಲ್ಲಿ ಕೊಬ್ಬು ಕೂತು ದಾರಿ ಕಿರಿದಾಗುವುದು. ರಕ್ತನಾಳಗಳ ಶಸ್ತ್ರಚಿಕಿತ್ಸಕನಾಗಿ ನಾನು ಕತ್ತರಿಸಬೇಕಾಗಿ ಬಂದ ಎಷ್ಟೋ ಕಾಲುಗಳನ್ನು, ರೋಗಿ ಕೆಲವು ವಾರ ಮೊದಲು ಬಂದಿದ್ದರೆ ಉಳಿಸಬಹುದಿತ್ತು. ಅಂಥ ರೋಗಿಗಳಿಗಾಗಿ ಮತ್ತು ಅವರನ್ನು ಮೊದಲು ನೋಡುವ ಊರಿನ ವೈದ್ಯರಿಗಾಗಿ ಇದನ್ನು ಬರೆಯುತ್ತಿದ್ದೇನೆ.

1. ಎಷ್ಟು ದೂರ ನಡೆದರೆ ನೋವು ಎಂದು ಕೇಳಿ

"ಬಸ್‌ಸ್ಟ್ಯಾಂಡಿಂದ ಮನೆಗೆ ಹೋಗೋದ್ರಲ್ಲಿ ಎರಡು ಕಡೆ ನಿಲ್ಬೇಕು ಸಾರ್" ಎಂದು ರೋಗಿ ಹೇಳಿದರೆ ಅರ್ಧ ಪರೀಕ್ಷೆ ಮುಗಿದಂತೆ. ಇಷ್ಟು ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ಸುಮ್ಮನೆ ನಿಂತರೆ ಕೆಲವೇ ನಿಮಿಷದಲ್ಲಿ ಬಿಡುತ್ತದೆ, ಮತ್ತೆ ಅಷ್ಟೇ ದೂರಕ್ಕೆ ಹಿಡಿಯುತ್ತದೆ. ಇದು ರಕ್ತ ಸಾಲದ ಸ್ನಾಯುವಿನ ನೋವು. ಬೆನ್ನುಮೂಳೆಯ ತೊಂದರೆಯಾದರೆ ಬರೀ ನಿಂತರೆ ಸಾಲದು, ಕೂರಬೇಕು ಇಲ್ಲವೇ ಮುಂದಕ್ಕೆ ಬಾಗಬೇಕು. "ವಯಸ್ಸಾಯ್ತಲ್ಲ" ಎಂದು ಮಕ್ಕಳು ತಳ್ಳಿಹಾಕುವುದು ಈ ಹಂತದಲ್ಲೇ. ರಾತ್ರಿ ಮಲಗಿದಾಗ ಪಾದ ಉರಿದು, ಮಂಚದಿಂದ ಕಾಲು ಇಳಿಬಿಟ್ಟರೆ ಹಿತವೆನಿಸುತ್ತಿದ್ದರೆ ರೋಗ ಬಹಳ ಮುಂದೆ ಹೋಗಿದೆ. ಅಂಥವರನ್ನು ನೋವಿನ ಮಾತ್ರೆ ಕೊಟ್ಟು ಕಳಿಸಬಾರದು.

2. ಬೆರಳು ತೆಗೆಯುವ ಮೊದಲು ರಕ್ತ ಬರುತ್ತಿದೆಯೇ ನೋಡಿ

ಸಕ್ಕರೆ ಕಾಯಿಲೆಯವರ ಬೆರಳು ಕಪ್ಪಾಗುತ್ತದೆ. ಬೆರಳು ತೆಗೆಯುತ್ತಾರೆ. ಗಾಯ ಮಾಯುವುದಿಲ್ಲ. ಪಕ್ಕದ ಬೆರಳು, ಆಮೇಲೆ ಮುಂಗಾಲು, ಕೊನೆಗೆ ಮಂಡಿಯ ಕೆಳಗೆ. ನಾನು ಅತಿ ಹೆಚ್ಚು ಕಂಡಿರುವ, ಅತಿ ಹೆಚ್ಚು ನೊಂದಿರುವ ಸರಣಿ ಇದು. ರಕ್ತ ತಲುಪದ ಕಡೆ ಎಷ್ಟು ಅಂದವಾಗಿ ಹೊಲಿಗೆ ಹಾಕಿದರೂ ಗಾಯ ಕೂಡುವುದಿಲ್ಲ.

ಮುಟ್ಟಿ ನೋಡಬೇಕಾದ ಜಾಗ ಎರಡೇ: ಪಾದದ ಮೇಲ್ಭಾಗ ಮತ್ತು ಒಳಬದಿಯ ಕಾಲುಗಣ್ಣಿನ ಹಿಂದೆ. ನಾಡಿ ಸಿಗದಿದ್ದರೆ ಕಾಲುಗಣ್ಣಿನ ರಕ್ತದೊತ್ತಡವನ್ನು ತೋಳಿನ ರಕ್ತದೊತ್ತಡದಿಂದ ಭಾಗಿಸಿ ನೋಡುತ್ತೇವೆ. ಅದಕ್ಕೆ ಬಿಪಿ ಪಟ್ಟಿ, ರಕ್ತದ ಹರಿವು ಪತ್ತೆಹಚ್ಚುವ, ಕೈಯಲ್ಲಿ ಹಿಡಿಯುವ ಸಣ್ಣ ಡಾಪ್ಲರ್ ಸಾಕು. 0.9ಕ್ಕಿಂತ ಕಡಿಮೆ ಬಂದರೆ ನಾಳ ಕಿರಿದಾಗಿದೆ. ಆದರೆ ಹಳೆಯ ಸಕ್ಕರೆ ಕಾಯಿಲೆಯಲ್ಲಿ ನಾಳದ ಗೋಡೆಗೆ ಸುಣ್ಣದಂಶ ಕೂತು ಗಟ್ಟಿಯಾಗಿ, ಪಟ್ಟಿ ಬಿಗಿದರೂ ಅಮುಕುವುದಿಲ್ಲ. ಆಗ ಲೆಕ್ಕ 1.4ನ್ನೂ ದಾಟಬಹುದು, ಇಲ್ಲವೇ ಸುಳ್ಳಾಗಿ ಸರಿ ಎಂದೇ ತೋರಬಹುದು. ಅಂಥವರಲ್ಲಿ ಕಾಲಿನ ಹೆಬ್ಬೆರಳಿನ ಒತ್ತಡ ಅಳೆಯಬೇಕು.

ಪಾದದಲ್ಲಿ ಕೀವು ತುಂಬಿ ಜ್ವರ ಬಂದಿದ್ದರೆ ಮಾತ್ರ ಯಾವ ಸ್ಕ್ಯಾನಿಗೂ ಕಾಯಬೇಡಿ. ಮೊದಲು ಕೀವು ತೆಗೆಯಿರಿ, ಬೆನ್ನಲ್ಲೇ ರಕ್ತದ ದಾರಿ ನೋಡಿ.

3. ಬೀಡಿ "ಕಡಿಮೆ" ಮಾಡಿದರೆ ಉಪಯೋಗವಿಲ್ಲ

ನಲವತ್ತು ದಾಟದ ಗಂಡಸು, ಸಕ್ಕರೆ ಇಲ್ಲ, ಬೆರಳ ತುದಿ ಕಪ್ಪಾಗಿದೆ ಎಂದರೆ ನಾನು ಮೊದಲು ಕೇಳುವುದು ಬೀಡಿಯ ಬಗ್ಗೆ. ನ್ಯೂಯಾರ್ಕಿನ ಲಿಯೋ ಬರ್ಗರ್ 1908ರಲ್ಲಿ ವಿವರಿಸಿದ ಈ ರೋಗಕ್ಕೆ ಅವರದೇ ಹೆಸರಿದೆ. ಮಂಡಿಯ ಕೆಳಗಿನ ಸಣ್ಣ ನಾಳಗಳೇ ಮುಚ್ಚಿಹೋಗುವುದರಿಂದ ಬೈಪಾಸ್ ಜೋಡಿಸಲು ಜಾಗವೇ ಸಿಗದು. ಹೊಗೆಸೊಪ್ಪನ್ನು ಪೂರ್ತಿ ಬಿಟ್ಟವರ ಕಾಲು ಬಹುತೇಕ ಉಳಿಯುತ್ತದೆ. "ದಿನಕ್ಕೆ ಎರಡೇ ಸಾರ್" ಎನ್ನುವವರ ಕಾಲಿಗೆ ಆ ಭರವಸೆ ಕೊಡಲಾರೆ. ಜಗಿಯುವ ತಂಬಾಕೂ ಇದೇ ಲೆಕ್ಕಕ್ಕೆ ಸೇರಿದ್ದು.

4. ಬ್ಲಾಕ್ ಇದ್ದ ಮಾತ್ರಕ್ಕೆ ಆಪರೇಷನ್ ಬೇಡ

ನಡೆದಾಗ ಮಾತ್ರ ನೋವು, ಗಾಯವಿಲ್ಲ ಎಂದಾದರೆ ಮೊದಲ ಚಿಕಿತ್ಸೆ ನಡಿಗೆಯೇ. ನೋವು ಬರುವವರೆಗೆ ನಡೆಯಿರಿ, ನಿಲ್ಲಿ, ಮತ್ತೆ ನಡೆಯಿರಿ. ಅರ್ಧ ಗಂಟೆಗೂ ಹೆಚ್ಚು, ವಾರಕ್ಕೆ ಕನಿಷ್ಠ ಮೂರು ದಿನ, ಮೂರು ತಿಂಗಳು. ಜೊತೆಗೆ ರಕ್ತ ಹೆಪ್ಪುಗಟ್ಟದಂತೆ ಒಂದು ಮಾತ್ರೆ, ಕೊಬ್ಬಿಗೆ ಸ್ಟ್ಯಾಟಿನ್. ಇವರಲ್ಲಿ ಕಾಲು ಕಳೆದುಕೊಳ್ಳುವವರಿಗಿಂತ ಹೃದಯಾಘಾತ, ಪಾರ್ಶ್ವವಾಯುವಿಗೆ ಬಲಿಯಾಗುವವರೇ ಹೆಚ್ಚು. ಆದ್ದರಿಂದ ಆ ಮಾತ್ರೆಗಳನ್ನು ನಾನು ಬಿಡಗೊಡುವುದಿಲ್ಲ.

5. ಬಲೂನೋ ಬೈಪಾಸೋ: ಜಗಳ ಬೇಡ

1948ರಲ್ಲಿ ಪ್ಯಾರಿಸ್‌ನಲ್ಲಿ ಜಾನ್ ಕುನ್ಲಿನ್ ರೋಗಿಯ ಕಾಲಿನದೇ ಸಿರೆಯನ್ನು ತೆಗೆದು ಮುಚ್ಚಿದ ನಾಳಕ್ಕೆ ಬದಲಿ ದಾರಿ ಮಾಡಿದರು. 1964ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಚಾರ್ಲ್ಸ್ ಡಾಟರ್, ಕಾಲು ಕತ್ತರಿಸಲು ಒಪ್ಪದ 82ರ ಅಜ್ಜಿಯೊಬ್ಬರ ನಾಳವನ್ನು ಒಳಗಿನಿಂದಲೇ ಕೊಳವೆ ತೂರಿಸಿ ಹಿಗ್ಗಿಸಿದರು. ಕಾಲು ಉಳಿಯಿತು. ಬಲೂನು, ಸ್ಟೆಂಟುಗಳೆಲ್ಲ ಆ ದಾರಿಯಲ್ಲಿ ಬಂದವು. ಯಾವುದು ಮೇಲು? 2022ರ ಬೆಸ್ಟ್-ಸಿಎಲ್‌ಐ ಅಧ್ಯಯನದಲ್ಲಿ ಒಳ್ಳೆಯ ಸಿರೆ ಇದ್ದವರಿಗೆ ಬೈಪಾಸ್ ಹೆಚ್ಚು ಫಲ ಕೊಟ್ಟಿತು. 2023ರ ಬೇಸಿಲ್-2 ಅಧ್ಯಯನ ಮಂಡಿಯ ಕೆಳಗಿನ ನಾಳಗಳ ರೋಗದಲ್ಲಿ ಬಲೂನಿನ ಕಡೆ ವಾಲಿತು. ನನ್ನ ಕ್ರಮ ಇದು: ಸಿರೆ ಚೆನ್ನಾಗಿದ್ದು ದೇಹ ಗಟ್ಟಿಯಿದ್ದರೆ ಬೈಪಾಸ್, ಹೃದಯ, ಮೂತ್ರಪಿಂಡ ದುರ್ಬಲವಾಗಿದ್ದರೆ ಬಲೂನ್. ಯಾವುದೇ ಆದರೂ ಮೇಲಿನ ಹರಿವು ಮೊದಲು ಸರಿಯಾಗಬೇಕು. ನಾಲೆಯ ತಲೆಯಲ್ಲಿ ನೀರಿಲ್ಲದೆ ಕೊನೆಯ ಗದ್ದೆಯ ತೂಬು ತೆರೆದು ಪ್ರಯೋಜನವಿಲ್ಲ.

6. ಕಾಲು ಇದ್ದಕ್ಕಿದ್ದಂತೆ ತಣ್ಣಗಾದರೆ ಆರು ಗಂಟೆ

ಹಠಾತ್ ನೋವು, ಬಿಳಿಚಿದ ತಣ್ಣನೆ ಪಾದ, ಜೋಮು, ಬೆರಳು ಆಡಿಸಲು ಆಗದಿರುವುದು. ಹೃದಯದ ಬಡಿತ ಏರುಪೇರಾದವರಲ್ಲಿ, ಕವಾಟ ಕೆಟ್ಟವರಲ್ಲಿ ಹೆಪ್ಪು ಅಲ್ಲಿಂದ ಹೊರಟು ಕಾಲಿನ ನಾಳಕ್ಕೆ ಬಂದು ಸಿಕ್ಕಿಕೊಳ್ಳುತ್ತದೆ. ಸುಮಾರು ಆರು ಗಂಟೆ ದಾಟಿದರೆ ಸ್ನಾಯು ಸಾಯತೊಡಗುತ್ತದೆ. ಶಾಖ ಕೊಡಬೇಡಿ, ತಿಕ್ಕಬೇಡಿ, ನಾಳೆ ನೋಡೋಣ ಎನ್ನಬೇಡಿ. ಊರಿನ ವೈದ್ಯರು ಹೆಪಾರಿನ್ ಕೊಟ್ಟು, ಮುಂದಿನ ಆಸ್ಪತ್ರೆಗೆ ಫೋನ್ ಮಾಡಿ ಕಳಿಸಿದರೆ ಅರ್ಧ ಕೆಲಸ ಆದಂತೆ. ಥಾಮಸ್ ಫೋಗಾರ್ಟಿ 1963ರಲ್ಲಿ ಪ್ರಕಟಿಸಿದ ಬಲೂನ್ ಕೊಳವೆಯಿಂದ, ತೊಡೆಸಂದಿಯ ಸಣ್ಣ ಗಾಯದ ಮೂಲಕ ಹೆಪ್ಪನ್ನು ಎಳೆದು ತೆಗೆಯುತ್ತೇವೆ.

7. ಉಬ್ಬಿದ ಸಿರೆಗಳ ಬಗ್ಗೆ ಎರಡು ಮಾತು

ನಿಂತು ದುಡಿಯುವವರ ಕಾಲಿನಲ್ಲಿ ಸುರುಳಿಯಾಗಿ ಉಬ್ಬಿದ ನೀಲಿ ಸಿರೆಗಳಿಂದ ಕಾಲು ಹೋಗುವುದು ತೀರಾ ಅಪರೂಪ; ಹುಣ್ಣಾದರೆ ಲೇಸರ್ ಚಿಕಿತ್ಸೆಗೆ ಹೆದರಬೇಕಿಲ್ಲ. ಆದರೆ ಹೆರಿಗೆಯ ನಂತರ, ಆಪರೇಷನ್ ನಂತರ ಒಂದೇ ಕಾಲು ಊದಿದರೆ ನೀವಬೇಡಿ, ಅಂದೇ ಡಾಪ್ಲರ್ ಸ್ಕ್ಯಾನ್ ಮಾಡಿಸಿ. ಒಳಸಿರೆಯ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ.

8. ಕಾಲು ಉಳಿಯದಿದ್ದರೂ ಮಂಡಿ ಉಳಿಸಿ

ಕೆಲವೊಮ್ಮೆ ಪಾದ ಸತ್ತೇ ಹೋಗಿರುತ್ತದೆ. ಆಗಲೂ ತೊಡೆಯ ನಾಳ ತೆರೆಯಲು ನಾನು ಶ್ರಮಪಡುತ್ತೇನೆ. "ಹೇಗೂ ಕತ್ತರಿಸ್ತೀರಲ್ಲ, ಮತ್ಯಾಕೆ ಸಾರ್ ಇಷ್ಟು ಖರ್ಚು?" ಎಂದು ಮನೆಯವರು ಕೇಳುವುದು ನ್ಯಾಯವೇ. ರಕ್ತ ಮಂಡಿಯವರೆಗೆ ಬಂದರೆ ಮಂಡಿಯ ಕೆಳಗೆ ಕತ್ತರಿಸಿದ ಗಾಯ ಮಾಯುತ್ತದೆ. ಮಂಡಿ ಇದ್ದವರು ಜೈಪುರ ಕಾಲು ಹಾಕಿಕೊಂಡು ಹೊಲಕ್ಕೆ ಹೋಗುತ್ತಾರೆ, ಬಸ್ ಹತ್ತುತ್ತಾರೆ. ಮಂಡಿಯ ಮೇಲೆ ಕತ್ತರಿಸಿದ ವಯಸ್ಸಾದವರಲ್ಲಿ ಬಹಳ ಮಂದಿ ಮತ್ತೆ ನಡೆಯುವುದೇ ಇಲ್ಲ. ಮನೆಯವರನ್ನು ಕೂರಿಸಿಕೊಂಡು ಇದನ್ನು ವಿವರಿಸಿ, ಮಂಡಿಯ ಮೇಲೋ ಕೆಳಗೋ ಎಂಬುದನ್ನು ಅವರೊಂದಿಗೆ ಮಾತಾಡಿಯೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತೇನೆ.