ಶ್ಯಾಡೋ ಟೀಚರ್ ಆಗಬೇಕೆ? ಫೀಸು ಕಟ್ಟುವ ಮುನ್ನ ಇಷ್ಟು ತಿಳಿದಿರಲಿ

ಆಟಿಸಂ, ಎಡಿಎಚ್‌ಡಿ, ಕಲಿಕಾ ನ್ಯೂನತೆ ಇರುವ ಮಗುವಿನ ಜತೆ ಸಾಮಾನ್ಯ ತರಗತಿಯಲ್ಲೇ ಕುಳಿತು ನೆರವಾಗುವವರನ್ನು ನಗರಗಳ ಖಾಸಗಿ ಶಾಲೆಗಳಲ್ಲಿ ಶ್ಯಾಡೋ ಟೀಚರ್ ಎನ್ನುತ್ತಾರೆ. ಈ ಕೆಲಸಕ್ಕೆ ಜನ ಬೇಕಾಗಿದ್ದಾರೆ. ಅದನ್ನು ನೋಡಿಕೊಂಡೇ ವಾರಾಂತ್ಯದ ಸರ್ಟಿಫಿಕೇಟ್ ಕೋರ್ಸುಗಳೂ ಹುಟ್ಟಿಕೊಂಡಿವೆ.

ಮೊದಲು ನೋಡಬೇಕಾದ್ದು

ವಿಶೇಷ ಶಿಕ್ಷಕರ ತರಬೇತಿಗೆ ಮಾನ್ಯತೆ ಕೊಡುವುದು ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ. 1992ರ ಕಾಯ್ದೆಯಡಿ ಅದು ಮಾನ್ಯ ಮಾಡಿದ ಕೋರ್ಸು ಮುಗಿಸಿದವರಿಗಷ್ಟೇ ಕೇಂದ್ರ ಪುನರ್ವಸತಿ ರಿಜಿಸ್ಟರಿನಲ್ಲಿ ಸಂಖ್ಯೆ ಸಿಗುತ್ತದೆ. ಶ್ಯಾಡೋ ಟೀಚರ್ ಎಂಬ ಪ್ರತ್ಯೇಕ ವರ್ಗ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಖಾಸಗಿ ಶಾಲೆ ಅಥವಾ ಪೋಷಕರು ಸಣ್ಣ ಕೋರ್ಸಿನವರನ್ನೂ ತೆಗೆದುಕೊಳ್ಳಬಹುದು. ಆದರೆ ನಾಳೆ ವಿಶೇಷ ಶಿಕ್ಷಕರ ಹುದ್ದೆಗೆ ಅರ್ಜಿ ಹಾಕಲು ಆ ಸರ್ಟಿಫಿಕೇಟು ಸಾಲದು. ಜಾಹೀರಾತಿನಲ್ಲಿ ‘ಅಂತರರಾಷ್ಟ್ರೀಯ ಮಾನ್ಯತೆ’ ಎಂದಿದ್ದರೆ, ಸಂಸ್ಥೆಯ ಹೆಸರು ಆರ್‌ಸಿಐ ಜಾಲತಾಣದ ಪಟ್ಟಿಯಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಮುಂದಿನ ಮಾತು ಬೇಡ.

ಪಿಯುಸಿಯಲ್ಲಿ ಶೇ 50 ಅಂಕ ಇದ್ದವರಿಗೆ ಎರಡು ವರ್ಷದ ಡಿ.ಎಡ್. ವಿಶೇಷ ಶಿಕ್ಷಣ, ಪದವಿಯಲ್ಲಿ ಶೇ 50 ಇದ್ದವರಿಗೆ ಎರಡು ವರ್ಷದ ಬಿ.ಎಡ್. ವಿಶೇಷ ಶಿಕ್ಷಣ ಇದೆ. ಮೀಸಲಾತಿಯವರಿಗೆ ಅಂಕದಲ್ಲಿ ರಿಯಾಯಿತಿ ಉಂಟು. ಶ್ರವಣದೋಷ, ದೃಷ್ಟಿದೋಷ, ಬೌದ್ಧಿಕ ಮತ್ತು ಬೆಳವಣಿಗೆಯ ನ್ಯೂನತೆ ಹೀಗೆ ವಿಭಾಗ ಆರಿಸಿಕೊಳ್ಳಬೇಕು. ಶ್ಯಾಡೋ ಕೆಲಸಕ್ಕೆ ಕೊನೆಯದೇ ಹೆಚ್ಚು ಹೊಂದುತ್ತದೆ. ಶ್ರವಣದೋಷದ ಮಕ್ಕಳ ಜತೆ ಕೆಲಸ ಮಾಡುವ ಮನಸ್ಸಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಸೇರುವ ಮೊದಲು ಹತ್ತಿರದ ವಿಶೇಷ ಶಾಲೆಯಲ್ಲಿ ಅನುಮತಿ ಕೇಳಿ ಕೆಲವು ದಿನ ಸುಮ್ಮನೆ ಕುಳಿತು ನೋಡಿ. ಮಗು ಚೀರುವುದು, ಕಚ್ಚುವುದು, ಚಡ್ಡಿ ಒದ್ದೆ ಮಾಡಿಕೊಳ್ಳುವುದು ಎಲ್ಲವೂ ಕಾಣುತ್ತವೆ. ‘ನನಗೆ ಮಕ್ಕಳೆಂದರೆ ಪ್ರಾಣ’ ಎಂಬ ಮಾತು ನಿಲ್ಲುತ್ತದೋ ಇಲ್ಲವೋ ಅಲ್ಲೇ ತಿಳಿಯುತ್ತದೆ.

ತರಗತಿಯೊಳಗೆ

ಈ ಕೆಲಸದ ನಿಜವಾದ ವಿದ್ಯೆ ಹಿಂದೆ ಸರಿಯುವುದು. ಮಗುವಿಗೆ ಟಿಫನ್ ಡಬ್ಬಿ ತೆರೆಯುವುದನ್ನು ಕಲಿಸುತ್ತಿದ್ದೀರಿ ಎನ್ನಿ. ಶುರುವಿನಲ್ಲಿ ನಿಮ್ಮ ಕೈ ಮಗುವಿನ ಕೈಮೇಲೆ. ಅದು ಪಳಗಿದಾಗ ಮಣಿಕಟ್ಟು ಮಾತ್ರ ಹಿಡಿಯಿರಿ, ಆಮೇಲೆ ಮೊಣಕೈಗೆ ಒಂದು ಸಣ್ಣ ತಟ್ಟು, ಆಮೇಲೆ ಮುಚ್ಚಳದ ಕಡೆ ಬೆರಳು ತೋರಿಸುವುದು, ಕೊನೆಗೆ ಬರೀ ಕಾಯುವುದು. ಕಾಯುವುದೇ ಕಷ್ಟ. ಗಂಟೆ ಹೊಡೆಯುತ್ತಿದೆ, ಪಕ್ಕದ ಮಕ್ಕಳು ಅರ್ಧ ಊಟ ಮುಗಿಸಿದ್ದಾರೆ, ಡಬ್ಬಿ ಕಿತ್ತು ತೆರೆದುಬಿಡೋಣ ಅನ್ನಿಸುತ್ತದೆ. ಆದರೆ ನೀವು ತೆರೆದ ಪ್ರತಿ ಡಬ್ಬಿಯೂ ಮಗುವಿಗೆ ನಿಮ್ಮನ್ನು ಕಾಯುವ ಅಭ್ಯಾಸ ಮಾಡಿಸುತ್ತದೆ.

ಕೂರುವುದೂ ಹಾಗೇ: ಮಗುವಿನ ಹಿಂದೆ, ಸ್ವಲ್ಪ ಪಕ್ಕಕ್ಕೆ. ಟೀಚರಿಗೂ ಮಗುವಿಗೂ ನಡುವೆ ಬರಬೇಡಿ. ಸಹಪಾಠಿ ‘ಇವನಿಗೆ ಪೆನ್ಸಿಲ್ ಬೇಕಾ?’ ಎಂದು ನಿಮ್ಮನ್ನು ಕೇಳಿದರೆ, ‘ಅವನನ್ನೇ ಕೇಳು ಪುಟ್ಟಾ’ ಎನ್ನಿ.

ಒಂದು ನೋಟ್‌ಬುಕ್ ಇಡಿ. ಮಗು ಕೂಗಾಡಿದಾಗ ‘ಇಂದು ಹಟ ಮಾಡಿದ’ ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ಅದಕ್ಕೆ ಮುಂಚೆ ಏನು ನಡೆಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು, ಈ ಮೂರನ್ನು ಬರೆಯಿರಿ. ಡ್ರಿಲ್ ಪೀರಿಯಡ್ಡಿನ ಸೀಟಿ ಕೇಳಿದಾಗಲೆಲ್ಲ ಮಗು ಕಿವಿ ಮುಚ್ಚಿಕೊಳ್ಳುತ್ತದೆ ಎಂಬುದು ಹೀಗೇ ಸಿಕ್ಕಿಬೀಳುತ್ತದೆ. ಶೌಚಾಲಯಕ್ಕೆ ಕರೆದೊಯ್ಯುವ ವಿಷಯದಲ್ಲಿ ಶಾಲೆಯ ನಿಯಮ ಏನೆಂದು ಮೊದಲ ದಿನವೇ ಕೇಳಿಕೊಳ್ಳಿ.

ಉದ್ಯೋಗ

2021ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್, ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯವಿರುವ 10 ಮಕ್ಕಳಿಗೆ, ಮುಂದಿನ ಹಂತಗಳಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು ಇರಬೇಕೆಂದು ಹೇಳಿತು. ಆರ್‌ಸಿಐ ಅರ್ಹತೆಗೆ ಬೆಲೆ ಬರುವುದು ಇಂಥಲ್ಲಿ.

ಶ್ಯಾಡೋ ಟೀಚರಿಗೆ ಸಂಬಳ ಕೊಡುವವರು ಅನೇಕ ಕಡೆ ಶಾಲೆಯಲ್ಲ, ಪೋಷಕರು. ಹಾಗಾಗಿ ಮಗು ರಜೆ ಹಾಕಿದ ದಿನ, ಏಪ್ರಿಲ್-ಮೇ ತಿಂಗಳು, ಮಗು ಶಾಲೆ ಬಿಟ್ಟರೆ ಎಷ್ಟು ದಿನದ ನೋಟಿಸು ಎಂಬುದನ್ನೆಲ್ಲ ಸೇರುವ ಮೊದಲೇ ಕಾಗದದ ಮೇಲೆ ಬರೆಸಿಕೊಳ್ಳಿ. ಸಂಕೋಚ ಬೇಡ.