ನಿಯಂತ್ರಣ ಗೋಪುರವಿಲ್ಲದ ನಿಲ್ದಾಣಗಳಲ್ಲಿ ವಿಮಾನಗಳ ರೇಡಿಯೊ ಸಂವಹನ

ಅಮೆರಿಕದ ಬಹುಪಾಲು ವಿಮಾನ ನಿಲ್ದಾಣಗಳಲ್ಲಿ ನಿಯಂತ್ರಣ ಗೋಪುರವಿಲ್ಲದ ಕಾರಣ, ಅಲ್ಲಿ ಹಾರುವ ಸಣ್ಣ ವಿಮಾನಗಳ ಪೈಲಟ್‌ಗಳು ‘ಸಿಟಿಎಎಫ್’, ಅಂದರೆ ಎಲ್ಲರೂ ಆಲಿಸುವ ಸಾಮಾನ್ಯ ಸಂಚಾರ ಸಲಹಾ ಕಂಪನಾಂಕದಲ್ಲಿ, ತಮ್ಮ ಸ್ಥಾನ, ಎತ್ತರ ಮತ್ತು ಉದ್ದೇಶವನ್ನು ತಾವೇ ಪ್ರಕಟಿಸುತ್ತಾರೆ. ಆಗಮಿಸುವ ವಿಮಾನವು 10 ಮೈಲಿ ದೂರದಿಂದಲೇ ಈ ಪ್ರಕಟಣೆಯನ್ನು ಆರಂಭಿಸಬೇಕೆಂದು ಫೆಡರಲ್ ವಿಮಾನಯಾನ ಆಡಳಿತವು ಶಿಫಾರಸು ಮಾಡುತ್ತದೆ. ನೆರೆಯ ನಿಲ್ದಾಣಗಳೂ ಅದೇ ಕಂಪನಾಂಕವನ್ನು ಬಳಸಬಹುದಾದ್ದರಿಂದ, ಸಂದೇಶದ ಆರಂಭ ಮತ್ತು ಅಂತ್ಯ ಎರಡರಲ್ಲೂ ನಿಲ್ದಾಣದ ಹೆಸರನ್ನು ಹೇಳಲಾಗುತ್ತದೆ.

ಆದರೆ ಇಂತಹ ಹೆಚ್ಚಿನ ನಿಲ್ದಾಣಗಳಲ್ಲಿ ರೇಡಿಯೊ ಕಡ್ಡಾಯವಲ್ಲ. ಉಪಗ್ರಹಾಧಾರಿತ ಸ್ಥಾನವನ್ನು ತಾನಾಗಿ ಬಿತ್ತರಿಸುವ ‘ಎಡಿಎಸ್-ಬಿ’ ಸಾಧನವು 2020ರ ಜನವರಿ 1ರಿಂದ ನಿರ್ದಿಷ್ಟ ವಾಯುಪ್ರದೇಶಗಳಲ್ಲಷ್ಟೇ ಕಡ್ಡಾಯವಾಗಿದ್ದು, ಅದಿಲ್ಲದ ವಿಮಾನವು ಇತರ ಪೈಲಟ್‌ಗಳ ಪರದೆಯಲ್ಲಿ ಕಾಣದಿರಬಹುದಾದ್ದರಿಂದ, ಕಣ್ಣಾರೆ ಕಂಡು ಡಿಕ್ಕಿ ತಪ್ಪಿಸುವುದೇ ಪೈಲಟ್‌ನ ಮೂಲಭೂತ ಹೊಣೆಯಾಗಿ ಉಳಿಯುತ್ತದೆ.