ಸೆರೆಮನೆಯಲ್ಲಿ ಮಾನಸಿಕ ಅಸ್ವಸ್ಥರು: ಚಿಕಿತ್ಸೆಯ ಹಕ್ಕು

1951ರಲ್ಲಿ ಅಸ್ಸಾಮಿನಲ್ಲಿ ಬಂಧಿತನಾದ ಗ್ರಾಮಸ್ಥನೊಬ್ಬನನ್ನು ತೇಜಪುರದ ಮಾನಸಿಕ ಆಸ್ಪತ್ರೆಗೆ ಕಳುಹಿಸಲಾಯಿತು. ಆತನ ವಿಚಾರಣೆ ಎಂದೂ ನಡೆಯಲಿಲ್ಲ. ಬಿಡುಗಡೆ ದೊರೆತದ್ದು 2005ರಲ್ಲಿ, 54 ವರ್ಷಗಳ ತರುವಾಯ. ಕೈದಿಯೊಬ್ಬನಿಗೆ ‘ಮನೋರೋಗಿ’ ಎಂಬ ಹೆಸರು ಬಿದ್ದರೆ ಅವನ ಮೊಕದ್ದಮೆಯೇ ಮರೆತುಹೋಗುವ ಸಂಭವ ಉಂಟು.

ಯಾವ ಅಪರಾಧವನ್ನೂ ಮಾಡದ ಮಾನಸಿಕ ಅಸ್ವಸ್ಥರನ್ನು ಸಹ ಹಿಂದೆ ಸೆರೆಯಲ್ಲಿಡುತ್ತಿದ್ದರು. ಶೀಲಾ ಬರ್ಸೆ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1993ರಲ್ಲಿ ಇದನ್ನು ಕಾನೂನುಬಾಹಿರವೆಂದು ಸಾರಿತು. ಆರೋಪ ಹೊತ್ತವರಿಗೂ ಶಿಕ್ಷೆ ಅನುಭವಿಸುತ್ತಿರುವವರಿಗೂ ಈಗ 2017ರ ಮಾನಸಿಕ ಆರೋಗ್ಯ ಪಾಲನಾ ಅಧಿನಿಯಮದ 103ನೆಯ ಕಲಮು ಅನ್ವಯಿಸುತ್ತದೆ. ಅದರಂತೆ ಪ್ರತಿ ರಾಜ್ಯದಲ್ಲಿ ಕನಿಷ್ಠ ಒಂದು ಸೆರೆಮನೆಯ ವೈದ್ಯಕೀಯ ವಿಭಾಗದಲ್ಲಾದರೂ ಮಾನಸಿಕ ಚಿಕಿತ್ಸೆಯ ಏರ್ಪಾಡು ಇರತಕ್ಕದ್ದು. ಸೆರೆಮನೆಯ ವೈದ್ಯಾಧಿಕಾರಿಯು ಮೂರು ತಿಂಗಳಿಗೊಮ್ಮೆ, ಅಲ್ಲಿ ಮಾನಸಿಕ ಅಸ್ವಸ್ಥ ಕೈದಿಗಳಿಲ್ಲವೆಂದು ದೃಢೀಕರಿಸಿ ಪುನರ್ವಿಮರ್ಶಾ ಮಂಡಲಿಗೆ ವರದಿ ಕಳುಹಿಸಬೇಕು. ಮಂಡಲಿಯು ಸೆರೆಮನೆಗೆ ಭೇಟಿಯಿತ್ತು, ಅಸ್ವಸ್ಥನನ್ನು ಚಿಕಿತ್ಸೆಗೆ ವರ್ಗಾಯಿಸದಿರಲು ಕಾರಣವೇನೆಂದು ಕೇಳಬಹುದು.

ಹುಡುಕದೆಯೂ ‘ಇಲ್ಲ’ವೆಂದು ಬರೆದುಬಿಡಬಹುದು ಎಂಬುದೇ ಇಲ್ಲಿನ ತೊಡಕು. ಹುಡುಕಿದಾಗ ಕಂಡದ್ದೇ ಬೇರೆ. ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್ ತಜ್ಞರು ಐದು ಸಾವಿರಕ್ಕೂ ಹೆಚ್ಚು ಕೈದಿಗಳನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮಾದಕ ವಸ್ತುಗಳ ಚಟವನ್ನು ಬಿಟ್ಟು ಲೆಕ್ಕ ಹಾಕಿದರೂ ಶೇಕಡಾ 27.6 ಮಂದಿಗೆ ಮಾನಸಿಕ ಕಾಯಿಲೆಯಿತ್ತು. ಕೂಗಾಡುವವನು ಎಲ್ಲರ ಕಣ್ಣಿಗೆ ಬೀಳುತ್ತಾನೆ. ಊಟ ಬಿಟ್ಟು, ನಿದ್ರೆಯಿಲ್ಲದೆ ಮೂಲೆ ಹಿಡಿದು ಕುಳಿತವನನ್ನು ಮಾತ್ರ ಶಿಸ್ತಿನ ಕೈದಿಯೆಂದೇ ಎಣಿಸುವುದುಂಟು. ಆತ್ಮಹತ್ಯೆಯ ಭಯವಿರುವುದು ಇಂಥವರಲ್ಲಿಯೇ.

ಆದುದರಿಂದ ಸಂದರ್ಶನಕ್ಕೆ ಹೋಗುವ ಬಂಧುಗಳು ಹಳೆಯ ಚಿಕಿತ್ಸೆಯ ಚೀಟಿಗಳ ಪ್ರತಿಗಳನ್ನು ಸೆರೆಮನೆಯ ವೈದ್ಯಾಧಿಕಾರಿಗೆ ತಲುಪಿಸುವುದು ಬಹಳ ಮುಖ್ಯ. ನಿತ್ಯದ ಮಾತ್ರೆ ಬಂಧನದ ದಿನವೇ ನಿಂತುಹೋದರೆ ಗುಣಮುಖನಾಗುತ್ತಿದ್ದವನ ಕಾಯಿಲೆಯೂ ಮರುಕಳಿಸಬಲ್ಲದು. ಮುಂಬಯಿಯಲ್ಲೋ ಹೈದರಾಬಾದಿನಲ್ಲೋ ಬಂಧಿತನಾದ, ಕನ್ನಡವನ್ನಷ್ಟೇ ಬಲ್ಲ ಕೂಲಿಕಾರನ ಪಾಡು ಇನ್ನೂ ಕಷ್ಟ. ತನ್ನ ಸಂಕಟವನ್ನು ಅವನು ಯಾರಿಗೆ ಹೇಳಿಯಾನು? ಚಿಕಿತ್ಸೆಗೆ ಒಪ್ಪಿಗೆ ಪಡೆಯುವಾಗ ಅವನಿಗೆ ತಿಳಿಯುವ ಭಾಷೆಯಲ್ಲಿಯೇ ವಿವರಿಸಬೇಕೆಂದು ಅಧಿನಿಯಮವು ವಿಧಿಸುತ್ತದೆ.

ಆರೋಪಿಯು ತನ್ನ ಪರವಾಗಿ ವಾದಿಸಲು ಅಸಮರ್ಥನೆಂದು ತೋರಿದಲ್ಲಿ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 27ನೆಯ ಅಧ್ಯಾಯದಂತೆ ನ್ಯಾಯಾಲಯವು ವೈದ್ಯಕೀಯ ಪರೀಕ್ಷೆಗೆ ಆದೇಶಿಸಬೇಕು. ವಕೀಲರನ್ನು ಗೊತ್ತುಮಾಡಲು ಹಣವಿಲ್ಲವೆಂದು ಬಂಧುಗಳು ಸುಮ್ಮನಿರಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದಂತೆ ಬಂಧನದಲ್ಲಿರುವವರೆಲ್ಲರೂ, ವರಮಾನ ಎಷ್ಟೇ ಇರಲಿ, ಉಚಿತ ಕಾನೂನು ನೆರವಿಗೆ ಅರ್ಹರು. ಅದಕ್ಕಾಗಿ 15100 ಸಂಖ್ಯೆಗೆ ದೂರವಾಣಿ ಮಾಡಬಹುದು. ಮನಸ್ಸಿನ ತೊಂದರೆಗಳ ಬಗ್ಗೆ ಕನ್ನಡದಲ್ಲಿಯೇ ಸಲಹೆ ಪಡೆಯಲು ಟೆಲಿ ಮಾನಸ್ ಸೇವೆಯ ಸಂಖ್ಯೆ 14416.